ಕಿಡ್ನಿ ಕಸಿ ಆಗಿ ಮನೆಗೆ ಬಂದ ಮೇಲೆ

ಡಯಾಲಿಸಿಸ್ ನಡೆಯುವ ಮನೆಯಲ್ಲಿ ನೀರಿಗೂ ಲೆಕ್ಕ ಇರುತ್ತದೆ. ದಿನಕ್ಕೆ ಒಂದು ಲೀಟರ್ ಅಂದರೆ ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿ ಒಂದು ಲೀಟರ್. ಬಾಳೆಹಣ್ಣು ಬೇಡ, ಎಳನೀರು ಬೇಡ, ತರಕಾರಿ ಬೇಯಿಸಿದ ನೀರು ಬಸಿದು ಚೆಲ್ಲಬೇಕು. ವರ್ಷಗಟ್ಟಲೆ ಹೀಗೆ ಬದುಕಿದ ಮೇಲೆ ಕಿಡ್ನಿ ಕಸಿ ಆಗುತ್ತದೆ. ವಾರವೋ ಹತ್ತು ದಿನವೋ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮನೆಗೆ ಕಳಿಸುವಾಗ ಡಾಕ್ಟರು ಹೇಳುತ್ತಾರೆ: ದಿನಕ್ಕೆ ಎರಡೂವರೆ, ಮೂರು ಲೀಟರ್ ನೀರು ಕುಡಿಯಿರಿ. ಕೇಳಿದವರಿಗೆ ಗಾಬರಿ. ಎಷ್ಟೋ ಜನ ಮನೆಗೆ ಬಂದು ಮತ್ತೆ ಹಳೇ ಲೋಟದಲ್ಲೇ ಅಳೆದು ಕುಡಿಯುತ್ತಾರೆ.

ಕಸಿ ಆದ ಮೇಲೆ ಮನೆಯ ನಿಯಮಗಳು ಹೀಗೆ ಒಂದೊಂದಾಗಿ ತಲೆಕೆಳಗಾಗುತ್ತವೆ. ಡಿಸ್ಚಾರ್ಜ್ ಚೀಟಿಯಲ್ಲಿ ಎಲ್ಲಾ ಬರೆದಿರುತ್ತದೆ. ಆದರೆ ಯಾಕೆ ಅಂತ ಗೊತ್ತಿಲ್ಲದಿದ್ದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ತಿಳಿಯುವುದಿಲ್ಲ. ಆಗ ಚಿಕ್ಕದಕ್ಕೆ ಹೆದರುತ್ತೇವೆ, ದೊಡ್ಡದನ್ನು ಉದಾಸೀನ ಮಾಡುತ್ತೇವೆ. ನೆಂಟರು ಬಾಗಿಲಿಗೆ ಬಂದರೆ ಮನೆಯೆಲ್ಲಾ ಗಾಬರಿ. ಮಾತ್ರೆ ಮೂರು ಗಂಟೆ ತಡವಾದರೆ ಮಾತ್ರ "ಪರವಾಗಿಲ್ಲ ಬಿಡಿ".

ಮೊದಲು ಹೊಟ್ಟೆಯೊಳಗೆ ಏನಾಗಿದೆ ನೋಡೋಣ. ಕೆಟ್ಟ ಕಿಡ್ನಿ ತೆಗೆದು ಅದೇ ಜಾಗದಲ್ಲಿ ಹೊಸದನ್ನು ಇಡುತ್ತಾರೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಹಳೇ ಎರಡೂ ಕಿಡ್ನಿಗಳು ಸಾಮಾನ್ಯವಾಗಿ ಬೆನ್ನಿನ ಕಡೆ ಇದ್ದಲ್ಲೇ ಇರುತ್ತವೆ. ಹೊಸದನ್ನು ಕೆಳಹೊಟ್ಟೆಯ ಒಂದು ಬದಿಯಲ್ಲಿ, ಹೆಚ್ಚಾಗಿ ಬಲಗಡೆ, ಕೂರಿಸಿ ಕಾಲಿನ ಕಡೆ ಹೋಗುವ ದೊಡ್ಡ ರಕ್ತನಾಳಗಳಿಗೆ ಜೋಡಿಸುತ್ತಾರೆ. ಮೂತ್ರದ ನಾಳವನ್ನು ಮೂತ್ರಕೋಶಕ್ಕೆ ಹೊಲಿಯುತ್ತಾರೆ. ಆ ಹೊಲಿಗೆ ಕೂಡಿಕೊಳ್ಳಲಿ ಅಂತ ಒಳಗೊಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅದೇ ಸ್ಟೆಂಟ್. ಕೆಲವು ವಾರಗಳ ಮೇಲೆ ಅದನ್ನು ತೆಗೆಸಲೇಬೇಕು. ಮರೆತರೆ ಇನ್ಫೆಕ್ಷನ್‌ಗೆ ದಾರಿ. ತೆಗೆಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹೊಸ ಕಿಡ್ನಿ ಚರ್ಮದ ಕೆಳಗೇ ಇರುವುದರಿಂದ ಕೈಯಿಟ್ಟರೆ ಸಿಗುತ್ತದೆ. ಅಲ್ಲಿ ಪೆಟ್ಟು ಬೀಳಬಾರದು, ಪ್ಯಾಂಟು, ಸೀರೆಯ ನೆರಿಗೆ, ಬೆಲ್ಟು ಬಿಗಿಯಬಾರದು. ಮೊದಲ ಆರರಿಂದ ಎಂಟು ವಾರ ನಾಲ್ಕೈದು ಕೆಜಿಗಿಂತ ಜಾಸ್ತಿ ಭಾರ ಎತ್ತುವಂತಿಲ್ಲ. ಅಂದರೆ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ಮೂರನೆಯದನ್ನು ಪಾಲಿಸುವುದೇ ಕಷ್ಟ. ನಡೆದಾಡುವುದು ಮಾತ್ರ ಮನೆಗೆ ಬಂದ ದಿನದಿಂದಲೇ ಶುರುವಾಗಬೇಕು. "ಪಾಪ, ಮಲಗಿರಲಿ" ಅನ್ನುವ ಅಕ್ಕರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಗಾಯ ಹೇಗೂ ಒಂದೆರಡು ತಿಂಗಳಿಗೆ ಮಾಯುತ್ತದೆ. ಅಸಲಿ ವಿಷಯ ಬೇರೆ.

ದೇಹ ಯಾಕೆ ಒಪ್ಪುವುದಿಲ್ಲ

1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ನಿನಲ್ಲಿ ಡಾಕ್ಟರ್ ಜೋಸೆಫ್ ಮರ್ರೆ ಮತ್ತು ಅವರ ಜೊತೆಗಾರರು ರೊನಾಲ್ಡ್ ಹೆರಿಕ್ ಎಂಬ ಯುವಕನ ಕಿಡ್ನಿಯನ್ನು ಅವನ ಸೋದರ ರಿಚರ್ಡ್‌ಗೆ ಹಾಕಿದರು. ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅದು. ಮರ್ರೆಗೆ 1990ರಲ್ಲಿ ನೊಬೆಲ್ ಬಂತು. ಅಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಇಬ್ಬರೂ ತದ್ರೂಪಿ ಅವಳಿಗಳು. ಅದನ್ನು ಖಚಿತ ಮಾಡಿಕೊಳ್ಳಲು ಒಬ್ಬನ ಚರ್ಮದ ತುಣುಕನ್ನು ಇನ್ನೊಬ್ಬನಿಗೆ ಮೊದಲೇ ಹಚ್ಚಿ ನೋಡಿದ್ದರು. ರೊನಾಲ್ಡನ ಕಿಡ್ನಿಯನ್ನು ರಿಚರ್ಡನ ದೇಹ ತನ್ನದೇ ಅಂದುಕೊಂಡಿತು. ಉಳಿದವರ ದೇಹ ಹಾಗೆ ಅಂದುಕೊಳ್ಳುವುದಿಲ್ಲ. ಹೆತ್ತ ತಾಯಿ ಕೊಟ್ಟ ಕಿಡ್ನಿಯನ್ನೂ ಅದು ಹೊರಗಿನದು ಅಂತಲೇ ನೋಡುತ್ತದೆ.

ಮನೆಯ ಕಾವಲು ನಾಯಿಯ ಹಾಗೆ ನಮ್ಮ ರೋಗನಿರೋಧಕ ಶಕ್ತಿ. ಹೊಸದಾಗಿ ಬಂದವರು ನೆಂಟರೋ ಕಳ್ಳರೋ ಅದಕ್ಕೆ ಗೊತ್ತಾಗುವುದಿಲ್ಲ. ನೆಂಟರು ಉಳಿಯಬೇಕು ಅಂದರೆ ನಾಯಿಯನ್ನು ಕಟ್ಟಿಹಾಕಬೇಕು. ಹಗ್ಗ ಸಡಿಲವಾದರೆ ನೆಂಟರಿಗೆ ಕಚ್ಚುತ್ತದೆ. ಅದು ರಿಜೆಕ್ಷನ್. ತೀರಾ ಬಿಗಿಯಾದರೆ ನಿಜವಾದ ಕಳ್ಳ ಬಂದಾಗಲೂ ಏನೂ ಮಾಡಲಾಗುವುದಿಲ್ಲ. ಅದು ಇನ್ಫೆಕ್ಷನ್. ಕಸಿ ಆದವರ ಮನೆಯ ಬಹುಪಾಲು ನಿಯಮ ಈ ಎರಡರ ನಡುವೆ ಹುಟ್ಟಿದ್ದು.

ಹಗ್ಗದ ಕೆಲಸ ಮಾಡುವುದು ಮಾತ್ರೆಗಳು. ಸಾಮಾನ್ಯವಾಗಿ ಮೂರು ಇರುತ್ತವೆ: ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್. ಮೂರರಲ್ಲಿ ಅತಿ ಸೂಕ್ಷ್ಮದ್ದು ಮೊದಲನೆಯದು. ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ 1984ರಲ್ಲಿ ಸಿಕ್ಕಿದ ಔಷಧಿ ಇದು. ರಕ್ತದಲ್ಲಿ ಇದು ಎಷ್ಟಿರಬೇಕು ಅಂತ ಅಳೆಯುವುದು ನ್ಯಾನೋಗ್ರಾಂನಲ್ಲಿ. ನ್ಯಾನೋಗ್ರಾಂ ಅಂದರೆ ಒಂದು ಗ್ರಾಂನ 100 ಕೋಟಿಯಲ್ಲಿ ಒಂದು ಪಾಲು. ಮೊದಲ ತಿಂಗಳುಗಳಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ ಸುಮಾರು 8ರಿಂದ 12, ಆಮೇಲೆ ಇಳಿಸುತ್ತಾ 5ರಿಂದ 8. ಆಸ್ಪತ್ರೆಗೆ ತಕ್ಕ ಹಾಗೆ, ರೋಗಿಗೆ ತಕ್ಕ ಹಾಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಕಡಿಮೆಯಾದರೆ ರಿಜೆಕ್ಷನ್. ಜಾಸ್ತಿಯಾದರೆ ಕೈ ನಡುಗುತ್ತದೆ, ಶುಗರ್ ಏರುತ್ತದೆ, ಪೊಟ್ಯಾಸಿಯಂ ಏರುತ್ತದೆ, ಉಳಿಸಬೇಕಾದ ಕಿಡ್ನಿಗೇ ಏಟು ಬೀಳುತ್ತದೆ.

ಗಡಿಯಾರ ನೋಡಿ ಮಾತ್ರೆ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ. ಬೆಳಗ್ಗೆ 9 ಅಂದರೆ ರಾತ್ರಿ 9. ಊಟಕ್ಕೆ ಮುಂಚೆ ತೆಗೆದುಕೊಳ್ಳುವವರು ದಿನವೂ ಮುಂಚೆಯೇ ತೆಗೆದುಕೊಳ್ಳಬೇಕು. ಒಂದು ಹೊತ್ತು ತಪ್ಪಿತು ಅಂತ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಕಸಿ ತಂಡದವರಿಗೆ ಫೋನ್ ಮಾಡಿ ಕೇಳಬೇಕು. ಲೆವೆಲ್ ಟೆಸ್ಟ್ ಇರುವ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ಹಿಂದಿನ ರಾತ್ರಿಯ ಮಾತ್ರೆ ತೆಗೆದುಕೊಂಡು 12 ಗಂಟೆ ಕಳೆದಾಗ ರಕ್ತದಲ್ಲಿ ಉಳಿದಿರುವುದು ಎಷ್ಟು ಅಂತ ನೋಡುವ ಪರೀಕ್ಷೆ ಅದು. ಮಾತ್ರೆ ನುಂಗಿಕೊಂಡು ಹೋದರೆ ರಿಪೋರ್ಟ್ ಸುಳ್ಳು ಬರುತ್ತದೆ. ಡಾಕ್ಟರು ಅದನ್ನೇ ನಂಬಿ ಡೋಸ್ ಇಳಿಸಿಬಿಟ್ಟರೆ ಅಲ್ಲಿಂದ ತೊಂದರೆ ಶುರು.

ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. "ಆ ಕಂಪನಿದು ಸ್ಟಾಕ್ ಇಲ್ಲ ಸಾರ್, ಇದೂ ಅದೇ" ಅಂತ ಬೇರೆ ಸ್ಟ್ರಿಪ್ ಕೊಡುತ್ತಾರೆ. ಜ್ವರದ ಮಾತ್ರೆಗೆ ಅದು ನಡೆಯುತ್ತದೆ. ಟ್ಯಾಕ್ರೋಲಿಮಸ್‌ಗೆ ನಡೆಯುವುದಿಲ್ಲ. ಒಂದು ಕಂಪನಿಯದು ರಕ್ತಕ್ಕೆ ಸೇರುವ ಪ್ರಮಾಣಕ್ಕೂ ಇನ್ನೊಂದರದಕ್ಕೂ ವ್ಯತ್ಯಾಸ ಇರಬಹುದು. ಬದಲಾಯಿಸಲೇಬೇಕಾದರೆ ಡಾಕ್ಟರಿಗೆ ಹೇಳಿ ಬದಲಾಯಿಸಿ, ಕೆಲವು ದಿನದಲ್ಲೇ ಲೆವೆಲ್ ನೋಡಿಸಿ. ಹದಿನೈದು ದಿನದ ಮಾತ್ರೆ ಯಾವಾಗಲೂ ಮನೆಯಲ್ಲಿ ಹೆಚ್ಚುವರಿ ಇದ್ದರೆ ಈ ಪಜೀತಿಯೇ ಇರುವುದಿಲ್ಲ. ಖರ್ಚು ದೊಡ್ಡದು, ನಿಜ. ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಸರ್ಕಾರದ ಅಂಗಾಂಗ ಕಸಿ ಯೋಜನೆಯಲ್ಲಿ ನೆರವು ಇದೆ. ಕಾಗದಪತ್ರಗಳ ವಿಷಯವನ್ನು ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋ-ಆರ್ಡಿನೇಟರ್ ಹತ್ತಿರ ಕೇಳಿ. ದುಡ್ಡಿಲ್ಲ ಅಂತ ಮಾತ್ರೆಯನ್ನು ದಿನಕ್ಕೆ ಒಂದು ಮಾಡಿಕೊಳ್ಳುವವರು ಇದ್ದಾರೆ. ಅದಕ್ಕಿಂತ ಸಂಕೋಚ ಬಿಟ್ಟು ಕೇಳುವುದು ಮೇಲು.

ಚಕ್ಕೋತ, ಕಷಾಯ, ನೋವಿನ ಮಾತ್ರೆ

ಟ್ಯಾಕ್ರೋಲಿಮಸ್ ಅನ್ನು ಕರಗಿಸುವ ಒಂದು ಎಂಜೈಮ್ ನಮ್ಮ ಕರುಳಲ್ಲೂ ಲಿವರಿನಲ್ಲೂ ಇದೆ. ಆ ಎಂಜೈಮನ್ನು ತಡೆಯುವುದು ಏನೇ ಹೊಟ್ಟೆಗೆ ಹೋದರೂ ಔಷಧಿ ಕರಗದೆ ಲೆವೆಲ್ ಏರುತ್ತದೆ. ಚಕ್ಕೋತ ಹಣ್ಣಿನಲ್ಲಿ ಅಂಥ ಗುಣ ಇದೆ. ಭೌಗೋಳಿಕ ಗುರುತು ಪಡೆದ ನಮ್ಮ ದೇವನಹಳ್ಳಿ ಚಕ್ಕೋತವೂ ಇದಕ್ಕೆ ಹೊರತಲ್ಲ. ಒಂದೇ ತೊಳೆ ಅಲ್ವಾ ಅಂತ ರಿಯಾಯಿತಿ ಕೊಡಬೇಡಿ. ಕಿತ್ತಳೆ, ಮೂಸಂಬಿಗೆ ಈ ತಕರಾರು ಇಲ್ಲ. ಕರಾವಳಿಯವರಿಗೆ ಇನ್ನೊಂದು ಮಾತು: ಧಾರೆಹುಳಿ, ಬಿಂಬುಳಿ ಎರಡರಲ್ಲೂ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ವಿಪರೀತ. ಗಟ್ಟಿ ಕಿಡ್ನಿಯನ್ನೇ ಅವುಗಳ ರಸ ಕೆಡಿಸಬಲ್ಲದು.

ಔಷಧಿಗಳಲ್ಲೂ ಹೀಗೇ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಗಂಟಲು ಇನ್ಫೆಕ್ಷನ್‌ಗೆ ಬರೆಯುವ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಲೆವೆಲ್ ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಪಾತಾಳಕ್ಕೆ ಇಳಿಸುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ನೇರವಾಗಿ ಕಿಡ್ನಿಗೇ ಕೆಟ್ಟದ್ದು. ಹಲ್ಲುನೋವು ಅಂತ ಡೆಂಟಿಸ್ಟ್ ಹತ್ತಿರ ಹೋದರೂ, ಊರಿನ ಡಾಕ್ಟರ ಹತ್ತಿರ ಹೋದರೂ ಮೊದಲು ಹೇಳಬೇಕಾದ ಮಾತು "ನನಗೆ ಕಿಡ್ನಿ ಕಸಿ ಆಗಿದೆ". ಅವರು ಏನು ಬರೆದುಕೊಟ್ಟರೂ ಅದರ ಫೋಟೋ ಕಸಿ ತಂಡಕ್ಕೆ ಹೋಗಲಿ.

ಕೋವಿಡ್ ಕಾಲದಿಂದ ಅಮೃತಬಳ್ಳಿ ಕಷಾಯ ಮನೆಮಾತಾಗಿದೆ. ಇಮ್ಯುನಿಟಿ ಹೆಚ್ಚುತ್ತದೆ ಅಂತ ಅಕ್ಕರೆಯಿಂದ ಮಾಡಿಕೊಡುವ ಅತ್ತೆ, ಚಿಕ್ಕಮ್ಮ ಎಲ್ಲರ ಮನೆಯಲ್ಲೂ ಇರುತ್ತಾರೆ. ಅವರಿಗೆ ಒಂದು ಸಲ ಕೂರಿಸಿ ಹೇಳಬೇಕು. ಇಷ್ಟೊಂದು ದುಬಾರಿ ಮಾತ್ರೆ ನುಂಗಿ ತಗ್ಗಿಸುತ್ತಿರುವುದೇ ಇಮ್ಯುನಿಟಿಯನ್ನು, ಅದನ್ನು ಕಷಾಯ ಕುಡಿಸಿ ಏರಿಸಿದರೆ ಹೇಗೆ? ಅಶ್ವಗಂಧ, ಇಮ್ಯುನಿಟಿ ಪುಡಿ, ಜಾಹೀರಾತಿನ ಲೇಹ್ಯ ಎಲ್ಲಕ್ಕೂ ಇದೇ ಉತ್ತರ. ಅಡುಗೆಗೆ ಹಾಕುವ ಅರಿಶಿನ, ಮೆಣಸು, ಜೀರಿಗೆ, ಶುಂಠಿಗೆ ಯಾರ ಅಡ್ಡಿಯೂ ಇಲ್ಲ.

ಭೇದಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಭೇದಿ ಆದರೆ ಮಾತ್ರೆ ಹೊರಗೆ ಹೋಗಿ ಲೆವೆಲ್ ಇಳಿಯುತ್ತದೆ ಅಂತ ನಮಗೆ ಅನ್ನಿಸುತ್ತದೆ. ಟ್ಯಾಕ್ರೋಲಿಮಸ್ ವಿಷಯದಲ್ಲಿ ಹೆಚ್ಚಾಗಿ ಉಲ್ಟಾ. ಕರುಳಿನ ಒಳಪದರ ಕೆಟ್ಟಾಗ ಅಲ್ಲಿನ ಎಂಜೈಮ್ ಕೆಲಸ ಮಾಡುವುದಿಲ್ಲ, ಲೆವೆಲ್ ಏರಿಬಿಡುತ್ತದೆ. ಮೇಲಿಂದ ನೀರಿನಂಶವೂ ಕಡಿಮೆ. ಎರಡೂ ಸೇರಿ ಕ್ರಿಯಾಟಿನಿನ್ ಮೇಲಕ್ಕೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಶ್ಮಲ, ಅದು ಏರಿದರೆ ಕಿಡ್ನಿಯ ಕೆಲಸ ತಗ್ಗಿದೆ ಅಂತ. ಒಂದು ದಿನಕ್ಕಿಂತ ಹೆಚ್ಚು ಭೇದಿ ಮುಂದುವರಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಸೋಂಕಿನ ಭಯ ಎಲ್ಲಿ ಇರಬೇಕು

ಮೊದಲ ಆರು ತಿಂಗಳು ರೋಗನಿರೋಧಕ ಶಕ್ತಿ ತೀರಾ ತಗ್ಗಿರುತ್ತದೆ. ಒಂದರಿಂದ ಆರನೇ ತಿಂಗಳ ನಡುವೆ ಸಾಮಾನ್ಯ ಜನರಿಗೆ ಏನೂ ಮಾಡದ ರೋಗಾಣುಗಳು ತಲೆಯೆತ್ತುತ್ತವೆ. ಸಿಎಂವಿ ಮತ್ತು ಬಿಕೆ ಎಂಬ ವೈರಸ್‌ಗಳು, ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಫಂಗಸ್ ಇವುಗಳಲ್ಲಿ ಮುಖ್ಯ. ಚೀಟಿಯಲ್ಲಿ ಕೋ-ಟ್ರೈಮಾಕ್ಸಜೋಲ್, ವ್ಯಾಲ್‌ಗ್ಯಾನ್‌ಸೈಕ್ಲೊವಿರ್ ಅಂತ ಇದ್ದರೆ ಅವು ಇಂಥ ಸೋಂಕುಗಳನ್ನು ಬರುವ ಮುಂಚೆಯೇ ತಡೆಯುವ ಮಾತ್ರೆಗಳು. "ಏನೂ ಕಾಯಿಲೆ ಇಲ್ಲವಲ್ಲ, ಇದ್ಯಾಕೆ" ಅಂತ ಬಿಡಬಾರದು. ನಮ್ಮ ದೇಶದಲ್ಲಿ ಟಿಬಿಯ ಮೇಲೂ ಕಣ್ಣಿರಬೇಕು. ಎರಡು ವಾರ ಕೆಮ್ಮು ಇರುವ ನೆಂಟರು ದೂರವೇ ಇರಲಿ.

ಊಟದಲ್ಲಿ ಸೂತ್ರ ಸರಳ: ಬಿಸಿ, ಹೊಸತು, ಮನೆಯದು. ನೀರು ಕುದಿಸಿ ಆರಿಸಿದ್ದು. ಮುದ್ದೆ, ಅನ್ನ, ರೊಟ್ಟಿ, ಬೇಯಿಸಿದ ಪಲ್ಯ, ಬೇಯಿಸಿದ ಮೊಟ್ಟೆ ಎಲ್ಲಾ ಆಗುತ್ತದೆ. ಗಾಯ ಮಾಯಲು ಪ್ರೋಟೀನ್ ಬೇಕು. ಬೇಡದ್ದು ಹಸಿಯದು. ಹೆಸರುಬೇಳೆ ಕೋಸಂಬರಿ, ಮೊಳಕೆ ಕಾಳು, ಗಾಡಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು, ಬೆಳಗ್ಗೆ ಅರೆದು ಮಧ್ಯಾಹ್ನದವರೆಗೆ ಹೊರಗಿಟ್ಟ ತೆಂಗಿನಕಾಯಿ ಚಟ್ನಿ, ಕಾಯಿಸದ ಹಾಲು ಇವೆಲ್ಲಾ ಆ ಸಾಲಿನವು. ಕಾಯಿಸಿದ ಹಾಲಿನಲ್ಲಿ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು ಯಾವಾಗಿಂದ ಅಂತ ನಿಮ್ಮ ಆಸ್ಪತ್ರೆಯ ಡಯಟಿಷಿಯನ್ ಹೇಳುತ್ತಾರೆ. ಬಾಳೆಹಣ್ಣು, ಎಳನೀರು ಕೂಡಾ ಪೊಟ್ಯಾಸಿಯಂ ರಿಪೋರ್ಟ್ ನೋಡಿಕೊಂಡೇ. ಕಸಿ ಆದ ತಕ್ಷಣ ನಿಷೇಧ ಎದ್ದುಹೋಗುತ್ತದೆ ಅನ್ನುವ ಹಾಗಿಲ್ಲ.

ದೇವಸ್ಥಾನಕ್ಕೆ ಹೋಗಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮೂರು ತಿಂಗಳು ಕಳೆದ ಮೇಲೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಮಾಸ್ಕ್ ಹಾಕಿಕೊಂಡು ಹೋಗಿ ಬರಬಹುದು. ತೀರ್ಥ, ಪಂಚಾಮೃತ ಮಾತ್ರ ಕಣ್ಣಿಗೆ ಒತ್ತಿಕೊಂಡು ಬಿಡುವುದು ಒಳ್ಳೆಯದು. ಕಣ್ಣಿಗೂ ತಾಗದ ಹಾಗೆ ಅಂತ ಸೇರಿಸಬೇಕೇನೋ. ಏಕಾದಶಿಯ ನಿರ್ಜಲ ಉಪವಾಸ, ರಂಜಾನ್ ಉಪವಾಸ ಮೊದಲ ವರ್ಷ ಬೇಡ. ಆಮೇಲಿನದು ಡಾಕ್ಟರನ್ನು ಕೇಳಿ.

ಮನೆಯೊಳಗೆ ಕೆಲವು ಜಾಗಗಳನ್ನು ಜನ ಮರೆಯುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಗಳ ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಫಂಗಸ್ ಇರುತ್ತದೆ. ಅದನ್ನು ಗುಡಿಸುವುದು ಬೇರೆಯವರ ಕೆಲಸ. ಗೊಬ್ಬರದ ಗುಂಡಿ, ಒಣಹುಲ್ಲು, ಹಳೇ ಗೋಡೆ ಕೆಡವುವ ಧೂಳು ಇವುಗಳಿಂದಲೂ ದೂರ. ದನಕರು ಇರುವ ಮನೆಯಲ್ಲಿ ಕೊಟ್ಟಿಗೆ ಬಳಿಯುವ ಕೆಲಸ ಬಿಟ್ಟುಕೊಡಬೇಕು. ಮನೆಯಲ್ಲಿ ಕೂಸು ಇದ್ದರೆ ಇನ್ನೊಂದು ಸೂಕ್ಷ್ಮ ಇದೆ. ಪೋಲಿಯೊ ಹನಿಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಹನಿ ಹಾಕಿಸಿದ ಮೇಲೆ ಕೆಲವು ವಾರ ಮಗುವಿನ ಮಲದಲ್ಲಿ ಅದು ಹೊರಬರುತ್ತದೆ. ಹಾಗಂತ ಮಗುವಿನ ಲಸಿಕೆ ತಪ್ಪಿಸಬೇಡಿ. ಮಕ್ಕಳ ಡಾಕ್ಟರಿಗೂ ಕಸಿ ತಂಡಕ್ಕೂ ಮೊದಲೇ ತಿಳಿಸಿ, ಕಸಿ ಆದವರು ಆ ಮಗುವಿನ ಡಯಪರ್ ಮುಟ್ಟದಿದ್ದರೆ ಸಾಕು. ಕಸಿ ಆದವರಿಗೆ ಚಿಕನ್‌ಪಾಕ್ಸ್, ದಡಾರದಂಥ ಜೀವಂತ ಲಸಿಕೆಗಳನ್ನು ಹಾಕುವಂತಿಲ್ಲ. ಇಂಜೆಕ್ಷನ್ ರೂಪದ ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಬೇಕು. ಮನೆಯವರೂ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಅಷ್ಟು ಬಿಟ್ಟರೆ ರೋಗಿಯನ್ನು ವರ್ಷಗಟ್ಟಲೆ ಒಂದು ಕೋಣೆಯಲ್ಲಿ ಕೂಡಿಹಾಕುವ ಅಗತ್ಯ ಇಲ್ಲ. ಕೈ ತೊಳೆಯುವ ಅಭ್ಯಾಸ ಮನೆಮಂದಿಗೆಲ್ಲಾ ಬಂದರೆ ಅರ್ಧ ಕೆಲಸ ಮುಗಿಯಿತು.

ನೋಟ್‌ಬುಕ್

ಒಂದು ನೋಟ್‌ಬುಕ್, ಒಂದು ಬಿಪಿ ಮಷಿನ್, ತೂಕದ ಯಂತ್ರ, ಥರ್ಮಾಮೀಟರ್, ಮೂತ್ರ ಅಳೆಯುವ ಜಾರು. ಇಷ್ಟು ಮನೆಯಲ್ಲಿ ಇರಬೇಕು. ಬೆಳಗ್ಗೆ ಎದ್ದು ಮೂತ್ರ ಮಾಡಿ ತೂಕ, ಎರಡು ಹೊತ್ತು ಬಿಪಿ ಮತ್ತು ಜ್ವರ, ದಿನದ ನೀರು ಮತ್ತು ಮೂತ್ರದ ಲೆಕ್ಕ. ಒಂದೇ ದಿನದಲ್ಲಿ ಒಂದು ಕೆಜಿ ಏರಿದರೆ ಅದು ಮೈಯಲ್ಲಿ ನಿಂತ ನೀರು, ತಿಂದ ಅನ್ನ ಅಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಂದರೆ ರಾತ್ರಿ ಎರಡಾದರೂ ಫೋನ್ ಮಾಡಬೇಕು. ಪ್ಯಾರಸಿಟಮಾಲ್ ನುಂಗಿ ಬೆಳಗಿನ ತನಕ ಕಾಯುವುದು ಸರಿಯಲ್ಲ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ. ಸಣ್ಣ ಜ್ವರದ ಹಿಂದೆ ದೊಡ್ಡ ಸೋಂಕು ಇರಬಹುದು. ಮೂತ್ರ ಕಡಿಮೆಯಾಗುವುದು, ಉರಿ, ರಕ್ತ, ಕಸಿ ಜಾಗದಲ್ಲಿ ನೋವು, ಗಾಯದಿಂದ ಸೋರುವುದು, ಏದುಸಿರು, ಮಾತ್ರೆ ನಿಲ್ಲದಷ್ಟು ವಾಂತಿ ಇವೂ ಅದೇ ದಿನ ತಿಳಿಸಬೇಕಾದವು.

ಆದರೆ ರಿಜೆಕ್ಷನ್ ಹೆಚ್ಚಿನ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಮನುಷ್ಯ ಆರಾಮವಾಗಿ ಓಡಾಡಿಕೊಂಡಿರುತ್ತಾನೆ, ಕ್ರಿಯಾಟಿನಿನ್ ಮಾತ್ರ 1.2 ಇದ್ದದ್ದು 1.6 ಆಗಿರುತ್ತದೆ. ಇಲ್ಲಿ ನೋಡಬೇಕಾದದ್ದು ನಿಮ್ಮದೇ ಹಿಂದಿನ ಸಂಖ್ಯೆಯನ್ನು, ಪಕ್ಕದ ಬೆಡ್ಡಿನವರ ಸಂಖ್ಯೆಯನ್ನಲ್ಲ. ರಕ್ತಪರೀಕ್ಷೆ ಅಷ್ಟು ದಟ್ಟವಾಗಿ ಇರುವುದು ಇದಕ್ಕೆ. ಮೊದಲ ತಿಂಗಳು ವಾರಕ್ಕೆ ಎರಡು ಮೂರು ಸಲ, ಮೂರನೇ ತಿಂಗಳವರೆಗೆ ವಾರಕ್ಕೊಮ್ಮೆ, ಆರರವರೆಗೆ ಹದಿನೈದು ದಿನಕ್ಕೊಮ್ಮೆ, ವರ್ಷದವರೆಗೆ ತಿಂಗಳಿಗೊಮ್ಮೆ. ಆಸ್ಪತ್ರೆಗಳು ಹೆಚ್ಚುಕಡಿಮೆ ಈ ಕ್ರಮದಲ್ಲಿ ಹೋಗುತ್ತವೆ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದು ಬೆಂಗಳೂರಿನಲ್ಲಿ ಕಸಿ ಮಾಡಿಸಿಕೊಂಡವರು ಮೊದಲ ಎರಡು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆ ಹಿಡಿಯುವುದೂ ಇದೇ ಕಾರಣಕ್ಕೆ. ಆ ಬಾಡಿಗೆಯನ್ನೂ ಕಸಿಯ ಖರ್ಚಿನಲ್ಲೇ ಸೇರಿಸಿ ಲೆಕ್ಕ ಹಾಕಬೇಕು.

ರಿಜೆಕ್ಷನ್ ಅಂತ ಕೇಳಿದ ಕೂಡಲೇ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಬಯಾಪ್ಸಿ ಮಾಡಿ, ಅಂದರೆ ಕಿಡ್ನಿಯ ಸಣ್ಣ ಚೂರು ತೆಗೆದು, ಯಾವ ಬಗೆಯದು ಅಂತ ನೋಡುತ್ತಾರೆ. ಬೇಗ ಸಿಕ್ಕಿದರೆ ಹಲವು ಸಲ ಕೆಲವು ದಿನದ ಸ್ಟೀರಾಯ್ಡ್ ಇಂಜೆಕ್ಷನ್ನಿಗೇ ಬಗ್ಗುತ್ತದೆ. ಮೃತ ದಾನಿಯ ಕಿಡ್ನಿ ಬಂದವರಲ್ಲಿ ಇನ್ನೊಂದು ಸಂಗತಿ ಇದೆ. ನಮ್ಮಲ್ಲಿ ಅಂಥ ಕಿಡ್ನಿಗಳು ಅಂಗಾಂಗ ಹಂಚಿಕೆ ನೋಡಿಕೊಳ್ಳುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯ ಪ್ರಕಾರ ಸಿಗುತ್ತವೆ. ದೇಹದಿಂದ ಹೊರಗೆ ಗಂಟೆಗಟ್ಟಲೆ ಇದ್ದು ಬಂದ ಕಿಡ್ನಿ ಎಚ್ಚರಾಗಲು ಕೆಲವು ದಿನ, ಕೆಲವು ಸಲ ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ಡಯಾಲಿಸಿಸ್ ಮುಂದುವರಿಯುತ್ತದೆ. ಅದು ಸೋಲಲ್ಲ.

ಮನಸ್ಸು, ಮುಖ, ಮತ್ತೆ ಕೆಲಸ

ಸ್ಟೀರಾಯ್ಡ್ ಶುರುವಿನಲ್ಲಿ ಡೋಸ್ ಜಾಸ್ತಿ ಇರುತ್ತದೆ. ಮುಖ ದುಂಡಗಾಗುತ್ತದೆ, ಹಸಿವು ತಡೆಯಲಾಗುವುದಿಲ್ಲ, ನಿದ್ದೆ ಬರುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. "ಕಿಡ್ನಿ ಬಂದ ಮೇಲೆ ಇವರು ಬದಲಾಗಿಬಿಟ್ಟರು" ಅಂತ ಹೆಂಡತಿ ಕಣ್ಣೀರು ಹಾಕುವ ಮನೆಗಳಿವೆ. ಅದರಲ್ಲಿ ಔಷಧಿಯ ಪಾಲೂ ಇರುತ್ತದೆ. ಡೋಸ್ ಇಳಿಯುತ್ತಾ ಬಂದ ಹಾಗೆ ತಗ್ಗುತ್ತದೆ. ತಾನಾಗಿ ಮಾತ್ರೆ ನಿಲ್ಲಿಸುವುದು ಮಾತ್ರ ಅಪಾಯ. ಮುಂಚೆ ಶುಗರ್ ಇಲ್ಲದವರಿಗೂ ಈಗ ಬರಬಹುದು. ಬೆಳಗ್ಗೆ ಖಾಲಿ ಹೊಟ್ಟೆಯದು ಸರಿ ಇದ್ದು, ಮಧ್ಯಾಹ್ನ ಊಟದ ಮೇಲೆ ಏರಿರುತ್ತದೆ. ಆ ಹೊತ್ತಿನದನ್ನೂ ನೋಡಿಸಿ.

ಆಫೀಸು ಕೆಲಸಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಮರಳಬಹುದು. ಹೊಲದ ಕೆಲಸ, ಭಾರದ ಕೆಲಸ ಇನ್ನೂ ತಡ. ದಾಂಪತ್ಯದ ಬಗ್ಗೆ ಕೇಳಲು ನಾಚಿಕೊಳ್ಳುತ್ತಾರೆ. ಗಾಯ ಮಾಯ್ದ ಮೇಲೆ ಅಡ್ಡಿಯಿಲ್ಲ. ಆದರೆ ಹೆಣ್ಣುಮಕ್ಕಳು ಕನಿಷ್ಠ ಒಂದು ವರ್ಷ ಗರ್ಭ ಧರಿಸಬಾರದು. ಮೈಕೋಫಿನೋಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಅಂಗವೈಕಲ್ಯ ತರಬಲ್ಲದು. ಮಗು ಬೇಕು ಅಂತ ನಿರ್ಧರಿಸಿದರೆ ಕನಿಷ್ಠ ಆರು ವಾರ ಮುಂಚೆ ಡಾಕ್ಟರು ಅದನ್ನು ಬಿಡಿಸಿ ಬೇರೆ ಮಾತ್ರೆ ಕೊಡುತ್ತಾರೆ. ಡಯಾಲಿಸಿಸ್ ಕಾಲದಲ್ಲಿ ನಿಂತುಹೋಗಿದ್ದ ಮುಟ್ಟು ಕಸಿ ಆದ ಕೆಲವೇ ವಾರಗಳಲ್ಲಿ ಮರಳಬಹುದು. ಎಚ್ಚರ ಮೊದಲಿಂದಲೇ ಇರಲಿ.

ಇನ್ನು ದಾನಿ. ನಮ್ಮ ದೇಶದ ಕಿಡ್ನಿ ಕಸಿಗಳಲ್ಲಿ ಬಹುಪಾಲು ಜೀವಂತ ದಾನಿಗಳಿಂದಲೇ ಆಗುತ್ತವೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಅಮ್ಮ, ಇಲ್ಲವೇ ಹೆಂಡತಿ. ಮೂರು ನಾಲ್ಕು ದಿನಕ್ಕೆ ಅವರನ್ನು ಮನೆಗೆ ಕಳಿಸುತ್ತಾರೆ. ಅಂದರೆ ರೋಗಿ ಮನೆಗೆ ಬರುವ ಮುಂಚೆಯೇ ದಾನಿ ಬಂದಿರುತ್ತಾರೆ, ಎಷ್ಟೋ ಕಡೆ ಬಂದವರೇ ಒಲೆ ಮುಂದೆ ನಿಲ್ಲುತ್ತಾರೆ. ಅವರದೂ ದೊಡ್ಡ ಆಪರೇಷನ್. ಅವರಿಗೂ ಆರು ವಾರ ಭಾರ ಎತ್ತುವುದು ಬೇಡ, ಅವರಿಗೂ ಸುಸ್ತು, ನೋವು, ಕೆಲವರಿಗೆ ಕಾರಣವಿಲ್ಲದ ಬೇಸರ. ಅಡುಗೆಗೆ, ಬಟ್ಟೆಗೆ, ರೋಗಿಯ ಆರೈಕೆಗೆ ಮೂರನೆಯವರೊಬ್ಬರು ಬೇಕೇ ಬೇಕು. ಆಪರೇಷನ್ ತಾರೀಖು ಗೊತ್ತಾದ ದಿನವೇ ಅದು ಯಾರು ಅಂತ ತೀರ್ಮಾನ ಮಾಡಿ. ದಾನಿಗೆ ಜೀವನವಿಡೀ ಮಾತ್ರೆ ಇಲ್ಲ. ಬದಲಿಗೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅನ್ನುವ ಪರೀಕ್ಷೆ ಆಗಬೇಕು. ರೋಗಿಯ ಚೆಕಪ್‌ಗೆ ಜೊತೆಯಲ್ಲಿ ಬಂದ ದಿನವೇ ಅದನ್ನೂ ಮಾಡಿಸಿದರೆ ಮರೆತುಹೋಗುವುದಿಲ್ಲ.